ಜೀವಾವಧಿ ಶಿಕ್ಷೆಗೆ 14 ವರ್ಷದ ಲೆಕ್ಕ ಬಂದದ್ದೆಲ್ಲಿಂದ?

2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣವೊಂದರಲ್ಲಿ ಬದುಕಿನ ಉಳಿದ ಅವಧಿಯುದ್ದಕ್ಕೂ ಜೈಲುಶಿಕ್ಷೆ ವಿಧಿಸಿತು. ಅದರ ವಿರುದ್ಧ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಕೆಯಾಗಿದೆ. ಹತ್ತೇ ದಿನದ ನಂತರ, ಆಗಸ್ಟ್ 12ರಂದು, ಸುಪ್ರೀಂ ಕೋರ್ಟ್‌ನಿಂದ ಬೇರೊಂದು ತೀರ್ಪು ಬಂತು. ದಿಲ್ಲಿಯ ನಿತೀಶ್ ಕಟಾರಾ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ಸುಖದೇವ್ ಯಾದವ್ 20 ವರ್ಷ ಪೂರೈಸಿದ್ದಾನೆ, ಅವನ ಬಿಡುಗಡೆಗೆ ಯಾವ ಮಂಡಳಿಯ ಒಪ್ಪಿಗೆಯೂ ಬೇಕಿಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರ ಪೀಠ ಹೇಳಿತು.

ಎರಡೂ ಜೀವಾವಧಿ ಶಿಕ್ಷೆಗಳೇ. ಒಂದು ಸಾಯುವವರೆಗೆ, ಇನ್ನೊಂದು 20 ವರ್ಷಕ್ಕೆ ಮುಗಿಯಿತು. ಇವುಗಳ ನಡುವೆ ಪ್ರತಿ ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಸುಮಾರಿಗೆ 'ಸನ್ನಡತೆ ಆಧಾರದ ಮೇಲೆ ಇಷ್ಟು ಕೈದಿಗಳ ಬಿಡುಗಡೆ' ಎಂಬ ಸುದ್ದಿ ಬರುತ್ತದೆ. ಅವರಲ್ಲಿ ಹೆಚ್ಚಿನವರು 14-15 ವರ್ಷ ಒಳಗಿದ್ದವರು. ಹೀಗಾಗಿ 'ಜೀವಾವಧಿ ಎಂದರೆ 14 ವರ್ಷ' ಎಂಬ ಮಾತು ಊರೂರಲ್ಲಿ ಬೇರು ಬಿಟ್ಟಿದೆ. ವಕೀಲರ ಬಾಯಲ್ಲೂ ಅದನ್ನು ಕೇಳಬಹುದು.

ಆ ಮಾತು ತಪ್ಪು. ಭಾರತದ ಕಾನೂನಿನಲ್ಲಿ ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದೇ ಅರ್ಥ. 14 ವರ್ಷ ಎನ್ನುವುದು ಶಿಕ್ಷೆಯ ಉದ್ದವಲ್ಲ. ಕೊಲೆಯಂಥ ಪ್ರಕರಣಗಳಲ್ಲಿ ಅಷ್ಟು ವರ್ಷ ತುಂಬುವ ಮೊದಲು ಬಿಡುಗಡೆಯ ಬಾಗಿಲು ತೆರೆಯುವಂತಿಲ್ಲ, ಅಷ್ಟೇ. ಬಾಗಿಲು ತೆರೆಯಲೇಬೇಕು ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಗೊಂದಲದ ಮೂಲ ಶಿಕ್ಷೆಯ ಇತಿಹಾಸದಲ್ಲೇ ಇದೆ.

ಕರಿನೀರಿನ ಶಿಕ್ಷೆಯ ವಾರಸುದಾರ

1860ರ ಭಾರತೀಯ ದಂಡ ಸಂಹಿತೆಯಲ್ಲಿ ಜೀವಾವಧಿ 'ಜೈಲು' ಇರಲಿಲ್ಲ. ಗಲ್ಲಿನ ನಂತರದ ದೊಡ್ಡ ಶಿಕ್ಷೆ ಎಂದರೆ ಆಜೀವ ಗಡೀಪಾರು, ಜನರ ಮಾತಿನಲ್ಲಿ ಕರಿನೀರಿನ ಶಿಕ್ಷೆ. ಈಸ್ಟ್ ಇಂಡಿಯಾ ಕಂಪನಿ ಅದಕ್ಕೂ ಮುಂಚೆ, ಹದಿನೆಂಟನೇ ಶತಮಾನದ ಕೊನೆಯಿಂದಲೇ, ಅಪರಾಧಿಗಳನ್ನು ಸುಮಾತ್ರಾದ ಬೆಂಕೂಲೆನ್, ಪೆನಾಂಗ್, ಆಮೇಲೆ ಮಾರಿಷಸ್, ಸಿಂಗಾಪುರಗಳಿಗೆ ಹಡಗಿನಲ್ಲಿ ಸಾಗಿಸುತ್ತಿತ್ತು. 1857ರ ಬಂಡಾಯದ ನಂತರ ಅಂಡಮಾನ್ ಆ ಕೆಲಸಕ್ಕೆ ಮೀಸಲಾಯಿತು. 1858ರ ಮಾರ್ಚ್‌ನಲ್ಲಿ ಇನ್ನೂರು ಕೈದಿಗಳ ಮೊದಲ ತಂಡ ಅಲ್ಲಿಗೆ ಮುಟ್ಟಿತು. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಜೈಲು, ಮಧ್ಯದ ಗೋಪುರದಿಂದ ಏಳು ಕಡೆಗೆ ಚಾಚಿದ ಮೂರಂತಸ್ತಿನ ಸಾಲುಗಳ ಕಟ್ಟಡ. ಒಂದು ಸಾಲಿನ ಕೋಣೆಗಳ ಬಾಗಿಲಿಗೆ ಮುಂದಿನ ಸಾಲಿನ ಬೆನ್ನು ಕಾಣುತ್ತಿತ್ತು, ಆದ್ದರಿಂದ ಕೈದಿ ಇನ್ನೊಬ್ಬ ಕೈದಿಯ ಮುಖ ನೋಡುವಂತಿರಲಿಲ್ಲ.

ಈ ಶಿಕ್ಷೆಯ ತಿರುಳು ದೂರವೇ ಹೊರತು ಕಬ್ಬಿಣದ ಸರಳಲ್ಲ. ಊರು, ಮನೆ, ಜಾತಿ ಎಲ್ಲದರಿಂದ ಕಡಿದು ಹಾಕುವುದು. ಸೆಲ್ಯುಲರ್ ಜೈಲಿನ ಕೋಣೆ ಮೊದಲ ಹಂತ ಮಾತ್ರ. ಕೆಲವು ವರ್ಷ ದುಡಿದು ನಡತೆ ಸರಿ ಎನಿಸಿಕೊಂಡವನಿಗೆ 'ಟಿಕೆಟ್' ಸಿಗುತ್ತಿತ್ತು. ಅವನು ದ್ವೀಪದಲ್ಲೇ ಗುಡಿಸಲು ಹಾಕಿ, ಬೇಸಾಯ ಮಾಡಿ, ಮದುವೆಯನ್ನೂ ಆಗಬಹುದಿತ್ತು. ಅಂದರೆ ನಡತೆ ನೋಡಿ ಶಿಕ್ಷೆಯನ್ನು ಸಡಿಲಿಸುವ ಪದ್ಧತಿ ಇಂದಿನ ಸರ್ಕಾರಗಳ ಔದಾರ್ಯವೂ ಅಲ್ಲ, ಇಂದಿನ ಮಾನವ ಹಕ್ಕು ಚಳವಳಿಯ ಕೊಡುಗೆಯೂ ಅಲ್ಲ. ವಸಾಹತು ಆಡಳಿತಕ್ಕೆ ಕೈದಿಗಳನ್ನು ಹದ್ದಿನಲ್ಲಿಡಲು ಆಸೆ ಎಂಬ ಹತ್ಯಾರು ಬೇಕಿತ್ತು.

1919-20ರ ಭಾರತೀಯ ಜೈಲುಗಳ ಸಮಿತಿ ಅಂಡಮಾನ್ ಪದ್ಧತಿಯನ್ನು ಕೈಬಿಡಲು ಶಿಫಾರಸು ಮಾಡಿತು. ಕೈದಿಯನ್ನು ತಿದ್ದುವುದೂ ಜೈಲಿನ ಕೆಲಸ ಎಂದು ಅಧಿಕೃತವಾಗಿ ಹೇಳಿದ್ದು ಆ ಸಮಿತಿಯೇ. ಆದರೂ ದಂಡ ಸಂಹಿತೆಯ ಪುಟದಿಂದ ಗಡೀಪಾರು ಅಳಿಯುವುದಕ್ಕೆ ಇನ್ನೂ ಮೂರೂವರೆ ದಶಕ ಬೇಕಾಯಿತು. 1955ರ ತಿದ್ದುಪಡಿಯು 1956ರ ಜನವರಿ 1ರಿಂದ 'ಆಜೀವ ಗಡೀಪಾರು' ಎಂಬ ಮಾತಿದ್ದಲ್ಲೆಲ್ಲ 'ಜೀವಾವಧಿ ಸೆರೆವಾಸ' ಎಂದು ಬದಲಿಸಿತು. ಹೆಸರು ಬದಲಾಯಿತು, ಆದರೆ ಹಳೆಯ ಸಂಹಿತೆಯ ಸುತ್ತಮುತ್ತಲಿನ ಅಂಕಿಗಳು ಹಾಗೇ ಉಳಿದವು.

20ರ ಲೆಕ್ಕ ಮತ್ತು 1961ರ ತೀರ್ಪು

ಅಂಥ ಒಂದು ಅಂಕಿ 20. ದಂಡ ಸಂಹಿತೆಯ 57ನೇ ಕಲಮು ಜೀವಾವಧಿಯನ್ನು 20 ವರ್ಷಕ್ಕೆ ಸಮ ಎಂದು ಎಣಿಸಲು ಹೇಳುತ್ತಿತ್ತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 6ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಈ ಲೆಕ್ಕ ಶಿಕ್ಷೆಯ ಭಾಗಾಂಶ ತೆಗೆಯುವುದಕ್ಕಷ್ಟೇ. ಉದಾಹರಣೆಗೆ, ಜೀವಾವಧಿ ಶಿಕ್ಷೆಯಿರುವ ಅಪರಾಧಕ್ಕೆ ಯತ್ನಿಸಿದವನಿಗೆ ಅದರ ಅರ್ಧದವರೆಗೆ ಶಿಕ್ಷೆ ಕೊಡಬಹುದು ಎಂದು ಕಾನೂನು ಹೇಳಿದರೆ, ಒಂದು ಆಯುಷ್ಯದ ಅರ್ಧ ಎಷ್ಟು? ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ 20 ಎಂದು ಹಿಡಿದು, ಅರ್ಧ 10 ವರ್ಷ ಎನ್ನುತ್ತಾರೆ.

ಈ ಕಲಮನ್ನೇ ಹಿಡಿದು ಸುಪ್ರೀಂ ಕೋರ್ಟ್‌ಗೆ ಹೋದದ್ದು ಗಾಂಧೀಜಿ ಹತ್ಯೆ ಪ್ರಕರಣದ ಅಪರಾಧಿ ಗೋಪಾಲ ಗೋಡ್ಸೆ. 1949ರಲ್ಲಿ ಅವನಿಗೆ ಆಜೀವ ಗಡೀಪಾರಿನ ಶಿಕ್ಷೆಯಾಗಿತ್ತು. ಜೈಲಿನ ದಾಖಲೆಯಲ್ಲಿ ಅವನ ಹೆಸರಿಗೆ ಹಲವು ಬಗೆಯ ಮಾಫಿ ದಿನಗಳು (ಶಿಕ್ಷೆಯಿಂದ ಕಳೆಯುವ ದಿನಗಳು) ಜಮೆಯಾಗಿದ್ದವು: ಸಾಮಾನ್ಯ ಮಾಫಿ, ವಿಶೇಷ ಮಾಫಿ, ವ್ಯಾಯಾಮಕ್ಕೆ, ಅಕ್ಷರಾಭ್ಯಾಸಕ್ಕೆ, ವಾರ್ಷಿಕ ಸನ್ನಡತೆಗೆ, ಮತ್ತು ಸರ್ಕಾರ ಘೋಷಿಸಿದ ಮಾಫಿ. ಎಲ್ಲ ಸೇರಿ ಸುಮಾರು ಎಂಟು ವರ್ಷ. ಒಳಗೆ ಕಳೆದ ವರ್ಷಗಳಿಗೆ ಅದನ್ನು ಕೂಡಿಸಿದರೆ 20 ದಾಟುತ್ತದೆ, ಆದ್ದರಿಂದ ನನ್ನನ್ನು ಬಿಡಿ ಎಂಬುದು ಅವನ ವಾದ.

1961ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಜೀವಾವಧಿ ಎಂದರೆ ಅಪರಾಧಿಯ ಸಹಜ ಆಯುಷ್ಯದ ಉಳಿದ ಭಾಗವೆಲ್ಲ. ಮಾಫಿ ದಿನಗಳು ಎಷ್ಟೇ ಜಮೆಯಾಗಲಿ, ಉಳಿದ ಶಿಕ್ಷೆಯನ್ನು ಮನ್ನಾ ಮಾಡಿ ಸರ್ಕಾರ ಆದೇಶ ಹೊರಡಿಸದ ಹೊರತು ಬಿಡುಗಡೆ ಹಕ್ಕಲ್ಲ. ತುದಿಯೇ ಗೊತ್ತಿಲ್ಲದ ಅವಧಿಯಿಂದ ದಿನಗಳನ್ನು ಕಳೆಯುವುದು ಹೇಗೆ ಎಂಬುದು ಇಲ್ಲಿನ ತರ್ಕ. ಅರವತ್ತು ವರ್ಷ ಕಳೆದರೂ ಈ ನಿಲುವು ಬದಲಾಗಿಲ್ಲ.

ಒಂದೇ 14, ಎರಡು ಅರ್ಥ

14 ಬ್ರಿಟಿಷ್ ದಂಡನೀತಿಗೆ ಹಳೆಯ ಪರಿಚಯದ ಸಂಖ್ಯೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಗಡೀಪಾರು ಎಂದರೆ 7 ವರ್ಷ, 14 ವರ್ಷ ಅಥವಾ ಆಜೀವ. ಭಾರತೀಯ ದಂಡ ಸಂಹಿತೆಯ 55ನೇ ಕಲಮು, ಜೀವಾವಧಿಯನ್ನು ಸರ್ಕಾರ 14 ವರ್ಷ ಮೀರದ ಸೆರೆವಾಸಕ್ಕೆ ಇಳಿಸಬಹುದು ಎಂದಿತು. ದಂಡ ಪ್ರಕ್ರಿಯಾ ಸಂಹಿತೆಯ 433ನೇ ಕಲಮಿನಲ್ಲೂ ಅದೇ ಮಾತಿತ್ತು. ಇಲ್ಲಿ 14 ಗರಿಷ್ಠ ಮಿತಿ. ಸರ್ಕಾರ ಮನಸ್ಸು ಮಾಡಿದರೆ ಅದಕ್ಕಿಂತ ಎಷ್ಟೋ ಕಡಿಮೆಗೂ ಇಳಿಸಬಹುದಿತ್ತು. ಹಾಗೆಯೇ ಆಯಿತು ಕೂಡ. ಕೊಲೆಗಾರರು ಐದಾರು ವರ್ಷಕ್ಕೇ ಹೊರಬರುತ್ತಿದ್ದಾರೆ ಎಂಬ ದೂರು ಸಂಸತ್ತಿನವರೆಗೆ ಹೋಯಿತು.

ಅದಕ್ಕೆ ಉತ್ತರವಾಗಿ 1978ರ ಡಿಸೆಂಬರ್ 18ರಿಂದ 433ಎ ಕಲಮು ಸೇರಿಕೊಂಡಿತು. ಮರಣದಂಡನೆಯನ್ನೂ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರನ್ನು, ಹಾಗೂ ಗಲ್ಲಿನಿಂದ ಜೀವಾವಧಿಗೆ ಇಳಿದವರನ್ನು, ಕನಿಷ್ಠ 14 ವರ್ಷ ನಿಜವಾಗಿ ಒಳಗೆ ಕಳೆಯದೆ ಬಿಡುವಂತಿಲ್ಲ. ಇಲ್ಲಿ 14 ಕನಿಷ್ಠ ಮಿತಿ. ಅದೇ ಸಂಖ್ಯೆ ಒಂದು ಕಲಮಿನಲ್ಲಿ ಸೂರು, ಪಕ್ಕದ ಕಲಮಿನಲ್ಲಿ ನೆಲ. ಜನರ ಬಾಯಲ್ಲಿ ಎರಡೂ ಬೆರೆತು 'ಜೀವಾವಧಿ ಎಂದರೆ 14' ಆಯಿತು ಎಂದೇ ನನ್ನ ತಿಳಿವಳಿಕೆ.

1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 433ಎಯನ್ನು ಎತ್ತಿಹಿಡಿಯಿತು. ಆದರೆ ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗಿರುವ ಕ್ಷಮಾಧಿಕಾರವನ್ನು ಸಾಮಾನ್ಯ ಕಾಯ್ದೆಯೊಂದು ಕಟ್ಟಿಹಾಕಲಾರದು ಎಂದೂ ಹೇಳಿತು. ಆ ಅಧಿಕಾರವನ್ನು ಅವರು ಸಂಪುಟದ ಸಲಹೆಯಂತೆ ಬಳಸಬೇಕು. ಕರ್ನಾಟಕದಲ್ಲಿ ಸನ್ನಡತೆಯ ಬಿಡುಗಡೆಗಳು ಸಂಪುಟ ಸಭೆಯ ಸುದ್ದಿಯಾಗಿ ಬರುವುದೂ, ಕೊನೆಗೆ ರಾಜಭವನ ಮುಟ್ಟುವುದೂ ಇದರಿಂದಲೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಹಳೆಯ 433ಎ ಈಗ 475ನೇ ಕಲಮು. ಪಕ್ಕದ 474ರಲ್ಲಿ ಮಾತ್ರ ಪದಗಳು ಬದಲಾಗಿವೆ: ಜೀವಾವಧಿಯನ್ನು ಇಳಿಸುವುದಾದರೆ '14 ಮೀರದಂತೆ' ಎಂಬುದು ಹೋಗಿ '7 ವರ್ಷಕ್ಕೆ ಕಡಿಮೆ ಇಲ್ಲದಂತೆ' ಎಂದಾಗಿದೆ.

ದಿನ ಎಣಿಸುವುದು ಹೇಗೆ

'ನಿಜವಾಗಿ 14 ವರ್ಷ' ಎನ್ನುವುದು ಸರಳವಾಗಿ ಕೇಳಿಸುತ್ತದೆ. ಲೆಕ್ಕಕ್ಕೆ ಕೂತರೆ ತಪ್ಪುವುದು ಇಲ್ಲಿಯೇ. ಕಲ್ಪಿತ ಕೈದಿಯೊಬ್ಬನನ್ನು ತೆಗೆದುಕೊಳ್ಳೋಣ. ಕೊಲೆ ಆರೋಪದಲ್ಲಿ 2010ರ ಮಾರ್ಚ್ 1ರಂದು ಬಂಧನ. 2012ರ ಮಾರ್ಚ್ 1ರಂದು ಜಾಮೀನು. 2014ರ ಮಾರ್ಚ್ 1ರಂದು ಶಿಕ್ಷೆಯಾಗಿ ಮತ್ತೆ ಒಳಗೆ. ವಿಚಾರಣಾಧೀನ ಕೈದಿಯಾಗಿ ಕಳೆದ ಎರಡು ವರ್ಷ ಲೆಕ್ಕಕ್ಕೆ ಸೇರುತ್ತದೆ. ಜೀವಾವಧಿ ಕೈದಿಗೂ ಈ ಕಡಿತ ಸಿಗುತ್ತದೆ ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಜಾಮೀನಿನ ಮೇಲೆ ಹೊರಗಿದ್ದ ಎರಡು ವರ್ಷ ಸೇರುವುದಿಲ್ಲ. ಹಾಗಾಗಿ ಇನ್ನೂ 12 ವರ್ಷ ಬೇಕು, ಅಂದರೆ 2026ರ ಮಾರ್ಚ್ 1. ಈ ನಡುವೆ ಅವನು ಒಟ್ಟು 120 ದಿನ ಪೆರೋಲ್ ಮೇಲೆ ಊರಿಗೆ ಹೋಗಿಬಂದಿದ್ದರೆ ಅದನ್ನೂ ಬಿಡಬೇಕು. ಪೆರೋಲ್ ದಿನಗಳು ನಿಜವಾದ ಸೆರೆವಾಸದ ಲೆಕ್ಕಕ್ಕೆ ಬರುವುದಿಲ್ಲ ಎಂದು 2023ರ ಜನವರಿಯಲ್ಲಿ ಗೋವಾದ ಪ್ರಕರಣವೊಂದರಲ್ಲಿ ತೀರ್ಮಾನವಾಗಿದೆ. ಆಗ ದಿನಾಂಕ 2026ರ ಜೂನ್ 29ಕ್ಕೆ ಸರಿಯುತ್ತದೆ. ಜೈಲಿನಲ್ಲಿ ದುಡಿದು, ಶಿಸ್ತಿನಿಂದಿದ್ದು ಗಳಿಸಿದ ಮಾಫಿ ದಿನಗಳು ಈ 14ರ ಒಳಗೆ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ.

ಅಷ್ಟು ತುಂಬಿದ ದಿನ ಕೈದಿಗೆ ಸಿಗುವುದು ಬಿಡುಗಡೆಯಲ್ಲ. ಅವನ ಹೆಸರಿನ ಕಡತ ಮೇಜಿಗೆ ಬರುತ್ತದೆ.

ಕಡತ ಎಡವುವ ಜಾಗಗಳು

ಜೈಲು ಅಧೀಕ್ಷಕರು ಅರ್ಹರ ಪಟ್ಟಿ ಮಾಡಿ ನಡತೆಯ ವರದಿ ಬರೆಯುತ್ತಾರೆ. ಕೈದಿಯ ಊರಿನ ಪೊಲೀಸರ ಅಭಿಪ್ರಾಯ, ಪರಿವೀಕ್ಷಣಾ ಅಧಿಕಾರಿಯ ವರದಿ, ಶಿಕ್ಷೆ ಕೊಟ್ಟ ನ್ಯಾಯಾಲಯದ ಈಗಿನ ನ್ಯಾಯಾಧೀಶರ ಅಭಿಪ್ರಾಯ ಸೇರುತ್ತವೆ. ಸಲಹಾ ಮಂಡಳಿ ಪರಿಶೀಲಿಸಿದ ಮೇಲೆ ಕಡತ ಸರ್ಕಾರಕ್ಕೆ ಹೋಗುತ್ತದೆ. ಏನನ್ನು ನೋಡಬೇಕು ಎಂಬುದಕ್ಕೆ 2000ದ ಲಕ್ಷ್ಮಣ ನಸ್ಕರ್ ತೀರ್ಪು ಮಾನದಂಡ: ಅಪರಾಧವು ವ್ಯಕ್ತಿಗೆ ಸೀಮಿತವೋ ಸಮಾಜವನ್ನೇ ಕಲಕುವಂಥದ್ದೋ, ಮರುಕಳಿಸುವ ಸಂಭವ ಇದೆಯೋ, ಅಪರಾಧ ಮಾಡುವ ಶಕ್ತಿಯೇ ಉಡುಗಿದೆಯೋ, ಇನ್ನೂ ಒಳಗಿಟ್ಟು ಪ್ರಯೋಜನವಿದೆಯೋ, ಕುಟುಂಬದ ಸ್ಥಿತಿ ಹೇಗಿದೆ.

ಇಷ್ಟನ್ನೂ ಕಾರಣ ಸಹಿತ ಬರೆಯಬೇಕು. ಬರೆಯುವುದಿಲ್ಲ. ಈ ವ್ಯವಸ್ಥೆಯ ಅತಿ ದೊಡ್ಡ ರೋಗ ಇದೇ. 'ಬಿಡುಗಡೆಗೆ ಆಕ್ಷೇಪವಿದೆ', 'ಬಿಡುಗಡೆ ಸೂಕ್ತವಲ್ಲ' ಎಂಬ ಒಂದು ಸಾಲಿನ ಮೇಲೆ ಒಬ್ಬ ಮನುಷ್ಯನ ಮುಂದಿನ ಹತ್ತು ವರ್ಷ ತೀರ್ಮಾನವಾಗುತ್ತದೆ. 2022ರಲ್ಲಿ ಛತ್ತೀಸ್‌ಗಢದ ರಾಮ್ ಚಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಧೀಶರ ಯಾಂತ್ರಿಕ ಅಭಿಪ್ರಾಯವನ್ನು ಒಪ್ಪದೆ, ನಸ್ಕರ್ ಮಾನದಂಡಗಳ ಮೇಲೆ ಹೊಸದಾಗಿ ಕಾರಣ ಬರೆಯಲು ಹೇಳಿತು.

ಎದುರು ದಿಕ್ಕಿನ ತಪ್ಪು 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ ನಡೆಯಿತು. ಬಿಲ್ಕಿಸ್ ಬಾನೊ ಪ್ರಕರಣದ 11 ಅಪರಾಧಿಗಳನ್ನು ಅಲ್ಲಿನ ಸರ್ಕಾರ 1992ರ ನೀತಿಯಂತೆ ಬಿಡುಗಡೆ ಮಾಡಿತು. ಆದರೆ ವಿಚಾರಣೆ ಮುಂಬೈಗೆ ವರ್ಗವಾಗಿತ್ತು, ಶಿಕ್ಷೆ ಪ್ರಕಟವಾದದ್ದೂ ಅಲ್ಲಿಯೇ. ಅಪರಾಧ ಎಲ್ಲಿ ನಡೆಯಿತು, ಕೈದಿ ಯಾವ ಜೈಲಿನಲ್ಲಿದ್ದಾನೆ ಎಂಬುದನ್ನು ಕಾನೂನು ನೋಡುವುದಿಲ್ಲ. ಶಿಕ್ಷೆ ಪ್ರಕಟವಾದ ರಾಜ್ಯದ ಸರ್ಕಾರಕ್ಕೇ ಅಧಿಕಾರ. ಮುಂಬೈ ನ್ಯಾಯಾಲಯದ ನ್ಯಾಯಾಧೀಶರ ಪ್ರತಿಕೂಲ ಅಭಿಪ್ರಾಯವನ್ನೂ ಬದಿಗಿಡಲಾಗಿತ್ತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಬಿಡುಗಡೆಯನ್ನು ರದ್ದು ಮಾಡಿ ಎರಡು ವಾರದಲ್ಲಿ ಶರಣಾಗಲು ಆದೇಶಿಸಿತು. ಆ ತೀರ್ಪು ಮಾಫಿ ಪದ್ಧತಿಯನ್ನು ತಪ್ಪೆನ್ನಲಿಲ್ಲ. ಅಧಿಕಾರವಿಲ್ಲದ ಕೈ ಸಹಿ ಹಾಕಿದೆ ಎಂದಿತು.

ಬೆಂಗಳೂರಿನ ಪ್ರಕರಣದಿಂದ ಬಂದ ಮೂರನೇ ಬಗೆ

ಗಲ್ಲು ಮತ್ತು ಸಾಮಾನ್ಯ ಜೀವಾವಧಿಯ ನಡುವೆ ಇನ್ನೊಂದು ಶಿಕ್ಷೆ ಹುಟ್ಟಿದ್ದು ಬೆಂಗಳೂರಿನ ಪ್ರಕರಣದಿಂದ. 1991ರಲ್ಲಿ ಶಾಕಿರಾ ಖಲೀಲಿ ನಾಪತ್ತೆಯಾದರು. ಮೂರು ವರ್ಷದ ನಂತರ ಅವರ ಮನೆಯ ಆವರಣದಲ್ಲೇ ನೆಲ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಪತಿ ಸ್ವಾಮಿ ಶ್ರದ್ಧಾನಂದನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಮೂಡಲಿಲ್ಲ. 2008ರ ಜುಲೈನಲ್ಲಿ ಮೂವರ ಪೀಠ ಕಂಡ ತೊಡಕು ಇದು: ಗಲ್ಲು ಅತಿಯಾಯಿತು, ಜೀವಾವಧಿ ಕೊಟ್ಟರೆ 14 ವರ್ಷಕ್ಕೆ ಹೊರಬಂದಾನು, ಅದು ತೀರಾ ಕಡಿಮೆಯಾಯಿತು. ಬೇರೆ ಆಯ್ಕೆ ಇಲ್ಲದಿದ್ದರೆ ನ್ಯಾಯಾಧೀಶರು ಗಲ್ಲಿನ ಕಡೆಗೇ ವಾಲಬೇಕಾಗುತ್ತದೆ. ಆದ್ದರಿಂದ ಪೀಠವು ಉಸಿರಿರುವವರೆಗೆ ಬಿಡುಗಡೆಯೇ ಇಲ್ಲದ ಜೀವಾವಧಿ ಎಂದು ಬರೆಯಿತು. ಅಲ್ಲಿಂದೀಚೆಗೆ 20, 25, 30 ವರ್ಷ ಮಾಫಿಯಿಲ್ಲದ ಶಿಕ್ಷೆಗಳು ಬರತೊಡಗಿದವು.

ಇದು ಸರಿಯೇ ಎಂಬ ಪ್ರಶ್ನೆ ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಅಪರಾಧಿ ಶ್ರೀಹರನ್ ವಿರುದ್ಧ ಕೇಂದ್ರ ಸರ್ಕಾರ ಹಾಕಿದ ಅರ್ಜಿಯ ಮೂಲಕ ಐವರ ಸಂವಿಧಾನ ಪೀಠದ ಮುಂದೆ ಬಂತು. 2015ರ ಡಿಸೆಂಬರ್ 2ರಂದು ಮೂವರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಬಹುಮತದ ಪ್ರಕಾರ ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು, ಸೆಷನ್ಸ್ ನ್ಯಾಯಾಲಯ ಕೊಡುವಂತಿಲ್ಲ. ಭಿನ್ನಮತದ ನ್ಯಾಯಮೂರ್ತಿಗಳ ಮಾತಿನಲ್ಲೂ ತೂಕವಿದೆ: ಮಾಫಿಯ ಅಧಿಕಾರವನ್ನು ಶಾಸಕಾಂಗವು ಸರ್ಕಾರಕ್ಕೆ ಕೊಟ್ಟಿರುವಾಗ ನ್ಯಾಯಾಲಯ ಅದನ್ನು ಕಸಿಯುವುದು ಹೊಸ ಶಿಕ್ಷೆಯನ್ನು ತಾನೇ ಸೃಷ್ಟಿಸಿದಂತೆ.

ಹಾಗಾದರೆ ವಿಚಾರಣಾ ನ್ಯಾಯಾಲಯವೇ 'ಬದುಕಿನ ಉಳಿದ ಅವಧಿ' ಎಂದು 2025ರಲ್ಲಿ ಬರೆದದ್ದು ಹೇಗೆ? ಅಲ್ಲಿ ನ್ಯಾಯಾಲಯ ಹೊಸ ಶಿಕ್ಷೆ ಸೃಷ್ಟಿಸಿಲ್ಲ. 2013ರ ತಿದ್ದುಪಡಿಯ ನಂತರ ದಂಡ ಸಂಹಿತೆಯ 376(2)ನೇ ಕಲಮಿನ ಪಠ್ಯದಲ್ಲೇ ಜೀವಾವಧಿ ಎಂದರೆ ಸಹಜ ಆಯುಷ್ಯದ ಉಳಿದ ಅವಧಿ ಎಂಬ ವಿವರಣೆ ಇದೆ. ಶಾಸಕಾಂಗ ಬರೆದ ಮಾತನ್ನು ಯಾವ ನ್ಯಾಯಾಲಯವೂ ಬಳಸಬಹುದು. ರಾಜ್ಯಪಾಲರ, ರಾಷ್ಟ್ರಪತಿಯ ಕ್ಷಮಾಧಿಕಾರ ಅಲ್ಲಿಯೂ ಉಳಿದೇ ಇರುತ್ತದೆ.

ಎರಡು ಕಡೆಯ ವಾದ, ಎರಡರ ಪರಿಣಾಮ

ಸಂತ್ರಸ್ತರ ಕಡೆಯವರು ಕೇಳುವುದು ಸರಿಯಾದ ಪ್ರಶ್ನೆ. ವರ್ಷಗಟ್ಟಲೆ ಅಲೆದು ಪಡೆದ ತೀರ್ಪನ್ನು ತಮ್ಮ ಮಾತು ಕೇಳದೆಯೇ ಒಂದು ಸಂಪುಟ ಸಭೆ ಸಡಿಲಿಸುವುದು ಹೇಗೆ? ಬಿಡುಗಡೆಯ ಸುದ್ದಿಯನ್ನು ಅವರು ಟಿವಿಯಲ್ಲಿ ನೋಡಿ ತಿಳಿಯುವಂತಾಗುವುದು ಅನ್ಯಾಯವೇ.

ಜೈಲು ನಡೆಸುವವರ ಕಡೆಯಿಂದ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. 2022ರ ಅಧಿಕೃತ ಅಂಕಿಅಂಶದಂತೆ ದೇಶದ ಜೈಲುಗಳ ಸಾಮರ್ಥ್ಯ 4,36,266, ಒಳಗಿದ್ದವರು 5,73,220. ಶಿಕ್ಷೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೀವಾವಧಿಯವರು. ಅಡುಗೆಮನೆ, ನೇಯ್ಗೆ, ಆಸ್ಪತ್ರೆ ವಾರ್ಡಿನ ಕೆಲಸ ನಿಭಾಯಿಸುವವರು ಬಹುಪಾಲು ಇಂಥ ಹಳೆಯ ಸಜಾ ಕೈದಿಗಳೇ. ಎಷ್ಟೇ ಚೆನ್ನಾಗಿ ನಡೆದುಕೊಂಡರೂ ಏನೂ ಬದಲಾಗದು ಎಂದು ಖಚಿತವಾದವನ ಮೇಲೆ ಜೈಲಿನ ನಿಯಮಗಳ ಹಿಡಿತ ಸಡಿಲವಾಗುತ್ತದೆ. ವಯಸ್ಸಾದ ಹಾಗೆ ಅವನಿಗೆ ಡಯಾಲಿಸಿಸ್ ಬೇಕಾಗುತ್ತದೆ, ಶೌಚಕ್ಕೆ ಕರೆದೊಯ್ಯಲು ಇನ್ನೊಬ್ಬ ಕೈದಿ ಬೇಕಾಗುತ್ತದೆ. ಜೈಲಿನ ಬ್ಯಾರಕ್ ಕಟ್ಟಿದ್ದು ಇದಕ್ಕಲ್ಲ.

ನನ್ನ ಮಟ್ಟಿಗೆ, ನಿಗದಿತ ಅವಧಿಯ ಶಿಕ್ಷೆ ಗಲ್ಲನ್ನು ತಪ್ಪಿಸುವ ಮಟ್ಟಿಗೆ ಒಳ್ಳೆಯದು. ಆದರೆ ಅದು ಗಲ್ಲಿಗೆ ಬದಲಾಗಿ ಉಳಿದಿಲ್ಲ. 2005ರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಲ್ ಸೆಂಟರ್ ಉದ್ಯೋಗಿಯ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಗಲ್ಲು ವಿಧಿಸಿರಲೇ ಇಲ್ಲ. ಆದರೂ ಇಂಥ ಶಿಕ್ಷೆ ಕೊಡಬಹುದು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಅಪರಾಧಿಗೆ 30 ವರ್ಷ ನಿಗದಿ ಮಾಡಿತು. ಅಪವಾದವಾಗಿ ಬಂದದ್ದು ನಿತ್ಯದ ಕ್ರಮವಾಗುವ ದಾರಿ ಹೀಗೆ ತೆರೆದಿದೆ.

ಈಗ ಬದಲಾಗಬೇಕಾದ ಕೆಲಸ

ಸುಪ್ರೀಂ ಕೋರ್ಟ್‌ನ 2025ರ ಫೆಬ್ರುವರಿ 18ರ ಆದೇಶ ಹೆಚ್ಚು ಸುದ್ದಿಯಾಗಲಿಲ್ಲ, ಆದರೆ ಜೈಲಿನೊಳಗೆ ಅದರ ತೂಕ ದೊಡ್ಡದು. ರಾಜ್ಯದಲ್ಲಿ ಮಾಫಿ ನೀತಿ ಇದ್ದರೆ, ಅರ್ಹನಾದ ಕೈದಿ ಅರ್ಜಿ ಹಾಕದಿದ್ದರೂ ಅವನ ಪ್ರಕರಣವನ್ನು ಸರ್ಕಾರ ಪರಿಗಣಿಸಲೇಬೇಕು. ನಿರಾಕರಿಸಿದರೆ ಚುಟುಕಾಗಿಯಾದರೂ ಕಾರಣ ಕೊಡಬೇಕು, ಅದನ್ನು ಕೈದಿಗೆ ತಿಳಿಸಬೇಕು. ವಕೀಲನಿರುವ ಕೈದಿ ಮೊದಲೂ ಅರ್ಜಿ ಹಾಕುತ್ತಿದ್ದ. ಓದು ಬಾರದ, ಮನೆಯವರು ಬರುವುದನ್ನೇ ನಿಲ್ಲಿಸಿದ ಕೈದಿಯ ಹೆಸರು ಪಟ್ಟಿಗೆ ಬರುವುದು ಇಂಥ ಆದೇಶದಿಂದ.

ಇನ್ನು ಆಗಸ್ಟ್‌ನ ತೀರ್ಪು. ಯಾದವ್‌ಗೆ ವಿಧಿಸಿದ್ದು ಮಾಫಿಯಿಲ್ಲದ 20 ವರ್ಷದ ಶಿಕ್ಷೆ. ಅದು ಮುಗಿದ ಮೇಲೂ, ಇದು ಜೀವಾವಧಿಯಾದ್ದರಿಂದ ಮಂಡಳಿಯ ಒಪ್ಪಿಗೆ ಬೇಕು ಎಂದು ದಿಲ್ಲಿ ಸರ್ಕಾರ ವಾದಿಸಿತು. ನಿಗದಿತ ಅವಧಿ ಮುಗಿದರೆ ಶಿಕ್ಷೆಯೇ ಮುಗಿಯಿತು, ಮನ್ನಾ ಮಾಡಲು ಏನೂ ಉಳಿದಿಲ್ಲ ಎಂದಿತು ಕೋರ್ಟ್. ಶಿಕ್ಷೆ ಮುಗಿದರೂ ಒಳಗಿರುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಪರಿಶೀಲಿಸಿ ಬಿಡುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಬೆಂಗಳೂರಿನ 2005ರ ಪ್ರಕರಣದ ಅಪರಾಧಿ ಬಂಧನದ ದಿನದಿಂದ ನಿರಂತರ ಒಳಗಿದ್ದರೆ ಅವನ 30 ವರ್ಷ ತುಂಬುವುದು 2035ರ ಸುಮಾರಿಗೆ. ಆ ದಿನ ಯಾವುದೆಂದು ಜೈಲಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಈಗಲೇ ಬರೆದಿಡಬಹುದು.